ನಮ್ಮ ಕೆರೆಯ ಒಂದು ಹನಿ

ಪಾಚಿಯ ವಾಸನೆ ಬಂದರೆ ಈಗಲೂ ಬ್ಯಾಡಗಿಯ ಆ ಸಭಾಭವನ ಕಣ್ಣಮುಂದೆ ಬರುತ್ತದೆ. ವಿಜ್ಞಾನಿ ಮೇಡಂ ಒಬ್ಬರು ನೀರಿನ ಜೀವಿಗಳ ಬಗ್ಗೆ ಮಾತನಾಡಲು ಬಂದಿದ್ದರು. ನಾನು ಅಜ್ಜಿಯ ಜೊತೆ ಹೋಗಿದ್ದೆ. ನಮ್ಮೂರು ಮೋಟೆಬೆನ್ನೂರಿನ ಕೆರೆಯಿಂದ ನಾನು ಬಾಟಲಿಯಲ್ಲಿ ತಂದಿದ್ದ ನೀರನ್ನೇ ಅವರು, ಗೋಡೆಯ ಮೇಲೆ ದೊಡ್ಡದಾಗಿ ಚಿತ್ರ ಬೀಳಿಸುವ ಸೂಕ್ಷ್ಮದರ್ಶಕದ ಕೆಳಗಿಟ್ಟರು. ಗೋಡೆಯ ಮೇಲೆ ಬರೀ ಹಸಿರು ಬೆಳಕು ಬಿತ್ತು. ಹಿಂದೆ ಯಾರೋ ನಕ್ಕರು. ನನಗೆ ಅಳುವೇ ಬಂತು.

“ತಡಿಯವಾ, ಬರತಾವ,” ಎಂದರು ಮೇಡಂ.

ಅಷ್ಟರಲ್ಲಿ ಗಾಜಿನಂಥ ಜೀವಿಯೊಂದು ಗೋಡೆಯ ತುಂಬ ಕುಪ್ಪಳಿಸಿತು. ಅದರ ಹೃದಯವೂ ಕಾಣುತ್ತಿತ್ತು!

“ನಮ್ಮ ಕೆರೀದು! ನಮ್ಮ ಕೆರೀದು!” ಎಂದು ನಾನು ಕುರ್ಚಿ ಹತ್ತಿ ಕೂಗಿದೆ.

ಅಜ್ಜಿ ಎದ್ದು ಗೋಡೆಯ ಹತ್ತಿರ ಹೋದಳು. “ಬಾಯಾರ, ಇದರ ಎದಿ ಬಡಕೊಳ್ಳಾಕತ್ತೈತಲ್ರಿ!” ಎಂದು ಮೇಡಂಗೆ ಹೇಳುತ್ತ ಬೆಳಕಿಗೆ ಅಂಗೈ ಚಾಚಿದಳು. ಆ ಪುಟ್ಟ ಹೃದಯ ಅವಳ ಅಂಗೈ ಮೇಲೆ ಪಟಪಟನೆ ಮಿಡಿಯತೊಡಗಿತು.