ಕೊನೆಯ ಸಾಲಿನ ಸೀಟು

ಇವರು ಕಾರು ಕೊಳ್ಳುವವರಲ್ಲ ಎಂಬ ಅನುಮಾನ ಶಾಂತಕುಮಾರನಿಗೆ ಹುಟ್ಟಿದ್ದು ಕ್ವಾರಿ ದಾರಿಯ ನಡುವೆ. ಸ್ಟಿಯರಿಂಗ್ ಹಿಡಿದ ರುದ್ರೇಶ ಗುಂಡಿ ಕಂಡಲ್ಲೆಲ್ಲ ಬ್ರೇಕು ಬಿಟ್ಟು ಆಕ್ಸಿಲರೇಟರ್ ಒತ್ತುತ್ತಿದ್ದ. ಗ್ರಾನೈಟ್ ಬಂಡೆ ಹೊತ್ತ ಲಾರಿಗಳು ಅಗೆದುಹಾಕಿದ ದಾರಿ. ಕಾರು ಹಾರಿ ಹಾರಿ ಬೀಳುತ್ತಿತ್ತು. ಕೊಳ್ಳುವ ಗಿರಾಕಿ ಕಾರನ್ನು ಹೀಗೆ ಬಡಿಯುವುದಿಲ್ಲ, ಆಗಲೇ ತನ್ನದಾದಂತೆ ಸವರುತ್ತಾನೆ.

“ಸಾವಕಾಶ ಹೋಗ್ರಿ ಸರ್.”

“ಯಾಕ, ಮುರೀತೈತೇನು ನಿಮ್ಮ ಗಾಡಿ? ಹಂಗಿದ್ರ ಈಗ ಹೇಳಿಬಿಡು ಮಾರಾಯ.”

ಮುರಿಯುವುದಿಲ್ಲ ಎನ್ನುವುದೇ ಶಾಂತಕುಮಾರನ ಉದ್ಯೋಗ. ಅವನು ಕೊಪ್ಪಳದ ಕಾರಿನ ಶೋರೂಮಿನಲ್ಲಿ ಮಾರಾಟಗಾರ. ಕುರಿ ಕಾಯುವ, ಕೂಲಿಗೆ ಹೋಗುವ ಮನೆಯಲ್ಲಿ ಇಸ್ತ್ರಿ ಅಂಗಿ ಕಂಡವನು ಅವನೊಬ್ಬನೇ. ಅವ್ವ ದುರುಗವ್ವ ಊರ ತುಂಬ ‘ನಮ್ಮ ಸಾಹೇಬ’ ಎಂದು ಹೇಳಿಕೊಂಡು ಬಂದಿದ್ದಳು. ಸಾಹೇಬನಿಗೆ ಮ್ಯಾನೇಜರ್ ಹೇಳಿದ್ದು ಬೇರೆ ಮಾತು: ಈ ತಿಂಗಳೂ ಒಂದು ಕಾರು ಮಾರದಿದ್ದರೆ ಅಂಗಿ ಬಿಚ್ಚಿಟ್ಟು ಮನೆಗೆ ನಡೆ. ಟೆಸ್ಟ್ ಡ್ರೈವಿಗೆ ದಾರಿ ಆರಿಸುವವನು ಗಿರಾಕಿ. ನೀನು ಪಕ್ಕದಲ್ಲಿ ಕೂತು ಹೂಂ ಅನ್ನು, ಸಾಕು.

ಹೂಂ ಅಂದ.

ಯಲಬುರ್ಗಾದ ಅಡತಿ ವ್ಯಾಪಾರಿಗಳ ಮನೆತನ ಅದು. ರುದ್ರೇಶ, ಅವನ ತಾಯಿ ಕಳಕಮ್ಮ, ಹೆಂಡತಿ ಭವಾನಿ. ಮೊದಲ ದಿನವೇ ಕಳಕಮ್ಮ ಎಲೆಯಡಿಕೆ ಮೆಲ್ಲುತ್ತ ಎಲ್ಲ ಬಿಡಿಸಿ ಹೇಳಿದ್ದಳು.

“ಮನಿ ಬೆಳಿಯಾಕತ್ತೈತಿ ತಮ್ಮಾ. ಎರಡು ಹೆಣ್ಣು ಅದಾವು, ಸೊಸಿ ಮತ್ತ ಬಸರಿ. ಹಳೀ ಕಾರಿನ ಹೊಟ್ಟಿ ನೆಲಕ್ಕ ತಿಕ್ಕತೈತಿ. ಮೂರು ಸಾಲು ಸೀಟಿನದು ಬೇಕು. ನಮಗ ಕೂಡಾಕ ಜಾಗ ಆಗಬೇಕು, ನನ್ನ ಮಗಗ ಓಡಸಾಕ ಮಜಾ ಬರಬೇಕು.”

ಭವಾನಿಗೆ ಕಾರು ನೋಡುವುದೆಂದರೆ ಜಾತ್ರೆ. ಬಾಗಿಲು ತೆಗೆದು ಮುಚ್ಚಿ ನೋಡಿದಳು, ಸೀಟು ಸವರಿದಳು. “ಮ್ಯಾಲಿನ ಗಾಜು ತೆರೀತೈತೇನ್ರಿ ಅಣ್ಣಾರ? ನನ್ನ ಹುಡುಗ್ಯಾರು ನಿಂತು ನೋಡ್ತಾರ.” ಬಿಳಿ ಬೇಡ, ನೀಲಿ ಇರಲಿ ಎಂದಳು. ಮುಂದೆ ಕೂರಲು ಹೋದವಳನ್ನು ಕಳಕಮ್ಮ ತಡೆದಳು.

“ನಾಳೆ ಕೂಸಿನ್ನ ಎತ್ಕೊಂಡು ಕಡೀ ಸಾಲಿನ್ಯಾಗ ಕೂಡಾಕಿ ನೀನ. ಹೆಂಗಿರತೈತಿ, ಈಗ ಕೂತು ನೋಡವಾ.”

ಎಷ್ಟು ದೂರಾಲೋಚನೆಯ ಅತ್ತೆ ಎಂದುಕೊಂಡ ಶಾಂತಕುಮಾರ. ಕಳಕಮ್ಮ ಮಾತ್ರ ನಡುಸಾಲಿನಲ್ಲಿ ಬೆನ್ನಿಗೆ ದಿಂಬು ಕೊಟ್ಟುಕೊಂಡು ಕೂತಳು.

ಬಂದರು, ಓಡಿಸಿದರು, ಹೋದರು. ಮತ್ತೆ ಬಂದರು. ಪ್ರತಿ ಸಲ ಬೇರೆ ಕಾರು, ಪ್ರತಿ ಸಲ ಅದೇ ಕ್ವಾರಿ ದಾರಿ. ಮಾತು ಮುಂಗಡದ ತನಕ ಬಂದರೆ ಕಳಕಮ್ಮ, “ಇನ್ನೊಂದು ನೋಡೂಣು” ಎಂದು ಏಳುವಳು. ಪುಕ್ಕಟೆ ಸವಾರಿಯ ಚಟದ ಮಂದಿ ಎಂದು ಶೋರೂಮಿನವರು ನಗತೊಡಗಿದರು. ತಿಂಗಳು ಮುಗಿಯುತ್ತ ಬಂದಿತ್ತು.

ಕೊನೆಗೆ ಶಾಂತಕುಮಾರ ಒಂದು ಪಣ ಒಡ್ಡಿದ. ಸುಳ್ಳು ಬಿಟ್ಟು ನಿಜ ಹೇಳಿದರೆ ನಂಬಿ ಕೊಂಡಾರು.

“ಇದನ್ನ ಓಡಸಾಕ ಭಾಳ ಮಜಾ ಐತ್ರಿ ಸರ್. ತಿರುವಿನ್ಯಾಗ ನೆಲಾ ಕಚ್ಚಿ ಹಿಡೀತೈತಿ. ಆದ್ರ ಸಸ್ಪೆನ್ಷನ್ ಬಿರುಸು. ಹಿಂದ ಕೂತವರಿಗೆ ಮೈ ಕುಲುಕತೈತಿ.”

ರುದ್ರೇಶ ತಾಯಿಯ ಮುಖ ನೋಡಿದ. ಕಳಕಮ್ಮ ಎಲೆಯಡಿಕೆ ಉಗುಳಿ ಬಂದಳು.

“ಇದ ಛಲೋ ಐತಿ. ನಡೀರಿ.”

ಶಾಂತಕುಮಾರನ ಎದೆ ಹಗುರಾಯಿತು. ಆ ಹುಮ್ಮಸ್ಸಿನಲ್ಲಿ ತಾನೇ ಬಾಯಿ ಹಾಕಿದ: “ಕ್ವಾರಿ ದಾಟಿ ಲಾರಿಯವರ ಒಳದಾರಿ ಐತ್ರಿ. ಅದನ್ನ ತಡಕೊಂಡ್ರ ಜಗತ್ತಿನ್ಯಾಗ ಯಾವ ದಾರೀನೂ ತಡಕೋತೈತಿ.”

ಆ ದಾರಿಯಲ್ಲಿ ರುದ್ರೇಶ ಶಿಳ್ಳೆ ಹಾಕುತ್ತ ಓಡಿಸಿದ. ಹಿಂದಿನಿಂದ ಭವಾನಿಯ ದನಿ ಬಂತು.

“ನಿಲ್ಲಸ್ರಿ... ನನಗ ಆಗವಲ್ದು.”

“ಇನ್ನೊಂದು ಸುತ್ತವಾ,” ಅಂದಳು ಕಳಕಮ್ಮ. “ತಗೊಳ್ಳಾಕ ಬಂದವರು ಅರ್ಧಕ್ಕ ಇಳೀತಾರೇನು?”

ಶಾಂತಕುಮಾರ ಕನ್ನಡಿಯಲ್ಲಿ ನೋಡಿದ. ಭವಾನಿ ಎರಡೂ ಕೈಯಿಂದ ಮುಂದಿನ ಸೀಟನ್ನು ಅವಚಿಕೊಂಡಿದ್ದಳು. ಮುಖ ಸುಣ್ಣವಾಗಿತ್ತು. ನಿಲ್ಲಿಸಿ ಎನ್ನಲು ಅವನು ಬಾಯಿ ತೆರೆದ. ‘ತಗೊಳ್ಳಾಕ’ ಎಂಬ ಮಾತು ಅವನ ಕಿವಿಯಲ್ಲಿ ಇನ್ನೂ ಸಿಹಿಯಾಗಿತ್ತು. ಬಾಯಿ ಮುಚ್ಚಿದ.

ಶೋರೂಮಿಗೆ ಮರಳಿದಾಗ ಕಳಕಮ್ಮ ಸೊಸೆಗೆ ಶಾಲು ಸುತ್ತಿ ಹಳೆಯ ಕಾರಿಗೆ ದಾಟಿಸಿದಳು. “ಮೂಗಿನ್ಯಾಗ ಹೊಸಾ ಗಾಡಿ ವಾಸನಿ ಹೊಕ್ಕೈತಿ, ಬ್ಯಾರೇನಿಲ್ಲ.” ಕೊನೆಯ ಸಾಲಿನ ಸೀಟಿನಲ್ಲಿ ಕೆಂಪಗೆ ಅಂಗೈಯಗಲ ಕಲೆ ಉಳಿದಿತ್ತು. ಮುದುಕಿಯ ಎಲೆಯಡಿಕೆ, ಎಂದುಕೊಂಡು ಶಾಂತಕುಮಾರ ಅರಿವೆ ಹಿಂಡಿ ಒರೆಸಿದ. ಬೇಸರವಾಗಲಿಲ್ಲ. ಹೊಲಸು ಮಾಡಿದ ಗಿರಾಕಿ ದಾಕ್ಷಿಣ್ಯಕ್ಕಾದರೂ ಕೊಳ್ಳುತ್ತಾನೆ.

ಮರುದಿನ ಕಳಕಮ್ಮನೇ ಫೋನು ಮಾಡಿದಳು.

“ಸದ್ಯ ಕಾರು ಬ್ಯಾಡ ತಮ್ಮಾ. ಸೊಸಿ ತವರಿಗೆ ಹೋಗ್ಯಾಳ, ಬರೂದು ತಡ ಆಗತೈತಿ. ಮನಸಿಗೆ ಹಚ್ಕೋಬ್ಯಾಡ. ನಿನ್ನ ಉಪಕಾರ ಭಾಳ ಆತು. ನಮ್ಮ ಮಂದಿಗೆ ನಿನ್ನ ಹೆಸರ ಹೇಳತೀನಿ.”

ಬಾಯುಪಚಾರ ಎಂದುಕೊಂಡ. ಅಂಗಿ ಬಿಚ್ಚಿಡುವ ದಿನ ಬಂತೆಂದು ಅವ್ವನಿಗೆ ಹೇಗೆ ಹೇಳುವುದೋ ತಿಳಿಯದೆ ರಾತ್ರಿ ಊಟ ಬಿಟ್ಟ.

ಆದರೆ ಕಳಕಮ್ಮ ಮಾತಿಗೆ ತಪ್ಪುವ ಹೆಂಗಸಾಗಿರಲಿಲ್ಲ. ತಿಂಗಳ ಕೊನೆಗೆ ಕುಷ್ಟಗಿಯಿಂದ ಬಸವಣ್ಣೆಮ್ಮ ಎಂಬ ಮುದುಕಿ ಅವನ ಹೆಸರು ಕೇಳಿಕೊಂಡೇ ಬಂದಳು. ಜೊತೆಗೆ ಮಗ. ಹಿಂದೆ, ಸೆರಗು ಹೊದ್ದು ಹೊಟ್ಟೆ ಮರೆಮಾಡಿಕೊಂಡ ಎಳೆಯ ಸೊಸೆ, ಗಾಜಿನಾಚೆಯ ಕಾರುಗಳನ್ನು ಕಣ್ಣರಳಿಸಿ ನೋಡುತ್ತಿದ್ದಳು. ಮ್ಯಾನೇಜರ್ ತಾನೇ ನೀರು ತಂದುಕೊಟ್ಟ. ಶಾಂತಕುಮಾರ ಕಾಲರ್ ಸರಿಮಾಡಿಕೊಂಡು ನಿಂತ.

“ಯಾವ ಕಾರು ತೋರಸ್ಲಿ ಅಮ್ಮಾರ?”

ಬಸವಣ್ಣೆಮ್ಮ ಸೊಸೆಯ ಕಡೆ ಒಮ್ಮೆ ತಿರುಗಿ ನೋಡಿ ದನಿ ತಗ್ಗಿಸಿದಳು: “ಯಾವುದಾದ್ರೂ ನಡೀತೈತಪಾ, ಕಳಕಮ್ಮನ ಸೊಸಿನ್ನ ಒಯ್ದ ದಾರೀಲೆ ಒಯ್ಯಿ ಅಷ್ಟ, ನಮ್ಮಕಿ ಹೊಟ್ಟ್ಯಾಗೂ ಹೆಣ್ಣ ಐತಂತ.”