ಟ್ಯಾಕ್ಸಿಯ ಕೆಂಪು ಲೈಟು

ಮೊಮ್ಮಗಳು ಉಗುರಿಗೆ ಬಣ್ಣ ಹಚ್ಚಿಕೊಂಡಾಗೆಲ್ಲ ಆ ಘಾಟಿಗೆ ನನಗ ಅಪ್ಪನ ಟ್ಯಾಕ್ಸಿ ನೆನಪಾಗತೈತಿ.

ಆಗ ನಾವು ಸಿಕಂದರಾಬಾದಿನಾಗ ಇದ್ವಿ. ಅಪ್ಪ ಸೇಠ್‌ನ ಟ್ಯಾಕ್ಸಿ ರಾತ್ರಿ ಪಾಳಿ ಓಡಸತಿದ್ದ. "ಡ್ಯಾಶ್‌ಬೋರ್ಡಿನ ಬಿಳಿ ಲೈಟು ಕಣ್ಣಿಗೆ ಚುಚ್ಚತೈತಿ, ಮೀಟರಿನ ಮುಳ್ಳ ಕಾಣಂಗಿಲ್ಲ" ಅಂತ ಗೊಣಗತಿದ್ದ. ಒಂದು ಮಧ್ಯಾಹ್ನ ಆ ಬಲ್ಬು ಕಿತ್ತು, ನಮ್ಮ ಸೋದರತ್ತಿಯ ಕೆಂಪು ಉಗುರುಬಣ್ಣ ಬಳಿದು, ಒಣಗಿಸಿ ಮತ್ತ ಕೂಡಿಸಿದ. ಬಿಸಿಲಿನಾಗ ಬೆಳಕು ಗೊತ್ತಾಗಂಗಿಲ್ಲ ಅಂತ ಗಾಜಿನ ಮ್ಯಾಲೆಲ್ಲ ಕೌದಿ ಹೊಚ್ಚಿದ್ವಿ.

ನಾನು ಅಪ್ಪನ ಪಕ್ಕ ಕುಂತೆ. ಒಳಗ ಕುದಿಯೋ ಸೆಕಿ, ರೆಕ್ಸಿನ್ ಸೀಟು ತೊಡಿಗೆ ಅಂಟತಿತ್ತು. ಅಪ್ಪ ಚಾವಿ ತಿರುವಿದ. ಬಲ್ಬು ಕಾದು ಬಣ್ಣ ಘಾಟು ಹೊಡೀತು.

"ಈಗ ನೋಡು, ಭಾಳ ಛಲೋ ಕಾಣತೈತಿ," ಅಂದ.

ಅವ್ವ ಕೌದಿ ಎತ್ತಿ ಕಿಡಕಿಯಿಂದ ತಲಿ ಹಾಕಿದ್ಳು. "ಹಂಗಾರ ಪೆಟ್ರೋಲ್ ಎಷ್ಟೈತಿ ಹೇಳ್ರಿ."

"ಅರ್ಧ."

ಮುಳ್ಳು ತಳಕ್ಕ ಬಿದ್ದಿತ್ತು. ನಾನು ಹಂಗ ಹೇಳಿದೆ.

"ಇಕಿಗೇನು ತಿಳೀತೈತಿ? ಶಾಲಿಗೂ ನೆಟ್ಟಗ ಹೋಗಂಗಿಲ್ಲ."

"ಬಲ್ಬಿಗೆ ಬಣ್ಣ ಬಳದ್ರ ಕಣ್ಣು ಬರ್ತಾವೇನ್ರಿ? ಯಾರನ್ನಾರ ಕೊಂದು ಬರ್ತೀರಿ, ಸಾಕು ಮಾಡ್ರಿ."

"ಗಾಡಿ ಬಿಟ್ರ ಏನ್ ತಿಂತೀ?"

ಅವ್ವ ಚಾವಿಗೆ ಕೈ ಚಾಚಿದ್ಳು. ಅಪ್ಪ ಇನ್ನೊಮ್ಮೆ ಬಗ್ಗಿ ಮುಳ್ಳು ನೋಡಿದ. ಆಮ್ಯಾಲೆ ಚಾವಿ ಕಿತ್ತು ಆಕಿ ಅಂಗೈಯಾಗಿಟ್ಟ. ಲೈಟು ಆರಿತು.

ಅವ್ವ ಹೇಳಿ ಕಳಿಸಿದ್ದಕ್ಕ ಮರುದಿನ ಸೇಠ್ ಬಂದು ಗಾಡಿ ಒಯ್ದ. ಅವ್ವ ಹಿಮಾಯತ್‌ನಗರದಾಗ ಮಂದಿ ಮನಿ ಭಾಂಡೆ ತಿಕ್ಕಾಕ ಹೋದ್ಳು, ಜೋಡಿ ನನ್ನನ್ನೂ ಕರಕೊಂಡು.