ಅವತ್ತು ಓಡಿದ ಬಣ್ಣ

ನಾಳೆ ಹೆಂಡತಿ ಮಹಾದೇವಿ ಆಸ್ಪತ್ರೆಯಿಂದ ಬರುವವಳೆಂದರೆ ಇವತ್ತು ಬೆಳಿಗ್ಗೆ ಸಂಗಣ್ಣ ಸ್ಟೂಲು ಹತ್ತಿ ಫ್ಯಾನು ಬಿಚ್ಚಿದ. ಟಿ. ದಾಸರಹಳ್ಳಿಯ ಆ ಬಾಡಿಗೆ ಕೋಣೆಯಲ್ಲಿ ಫ್ಯಾನಿನ ರೆಕ್ಕೆ, ರಾಡು, ಬಟ್ಟಲು ಎಲ್ಲಕ್ಕೂ ತುಕ್ಕು ಹಿಡಿದು, ತಿರುಗಿದಾಗಲೆಲ್ಲ ಹಾಸಿಗೆಯ ಮೇಲೆ ಕಂದು ಪುಡಿ ಉದುರುತ್ತಿತ್ತು. ಎಷ್ಟು ಸಲ ಹೇಳಿದ್ದಳೋ ಪಾಪ, ಆಗೆಲ್ಲ ಇವನು ಹೂಂಗುಟ್ಟಿ ಮಗ್ಗಲು ಬದಲಿಸಿದ್ದ. ಈಗ ಹಾಗೆ ಮಾಡುವಂತಿರಲಿಲ್ಲ. ದಿನ ತುಂಬುವ ಮೊದಲೇ ಹೆರಿಗೆಯಾಗಿ ಕೂಸು ಉಳಿದಿರಲಿಲ್ಲ. ತವರಿಗೆ ಕರೆದೊಯ್ಯಲು ಅವಳಣ್ಣ ಬಾದಾಮಿ ಕಡೆಯಿಂದ ಬಂದು ಕಾಯುತ್ತಿದ್ದ. ಒಮ್ಮೆ ಮನೆಗೆ ಹೋಗಿ ನೋಡುತ್ತೇನೆ, ಆಮೇಲೆ ಹೇಳುತ್ತೇನೆ ಅಂದಿದ್ದಳಂತೆ ಮಹಾದೇವಿ. ಹೋದವಳು ತಿರುಗಿ ಬರುತ್ತಾಳೆಂಬ ಧೈರ್ಯ ಸಂಗಣ್ಣನಿಗಿರಲಿಲ್ಲ.

ಅವನು ದುಡಿಯುವುದು ಪೀಣ್ಯದ ಪೌಡರ್ ಕೋಟಿಂಗ್ ಶೆಡ್ಡಿನಲ್ಲಿ. ಕಬ್ಬಿಣಕ್ಕೆ ಬಣ್ಣದ ಪುಡಿ ಹಾರಿಸಿ ಭಟ್ಟಿಯಲ್ಲಿ ಬೇಯಿಸುವ ಕೆಲಸ. ಅಲ್ಲೊಂದು ರೂಢಿಯಿದೆ. ಕೆಲಸಗಾರರು ಮನೆಯ ಸಾಮಾನು ತಂದು ಮಾಲಿನ ಕೊನೆಗೆ ನೇತುಹಾಕಬಹುದು, ಆದರೆ ಅವತ್ತು ಯಾವ ಬಣ್ಣ ಓಡುತ್ತಿದೆಯೋ ಅದೇ ಗತಿ. ಹಾಗಾಗಿ ಯಂಕಪ್ಪನ ಸೈಕಲ್ಲು ಮಣ್ಣೆತ್ತುವ ಯಂತ್ರದ ಹಳದಿ, ಈಶಪ್ಪನ ಮನೆಯ ದೇವರ ಗೂಡು ಬೆಂಕಿ ಆರಿಸುವ ಸಿಲಿಂಡರಿನ ಕೆಂಪು. ಪುಕ್ಕಟೆ ಬಣ್ಣಕ್ಕೆ ಯಾರ ತಕರಾರು?

ಅವತ್ತು ಓಡುತ್ತಿದ್ದದ್ದು ತಿಳಿಹಸಿರು. "ಎರಡು ದಿನ ತಡಿಯೋ ಸಂಗಣ್ಣ, ಬಿಳಿ ಓಡುತ್ತೆ. ಫ್ಯಾನಿಗೆ ಬಿಳೀನೇ ಚೆನ್ನ," ಅಂದ ಸೂಪರ್‌ವೈಸರ್ ಭಾನುಪ್ರಕಾಶ್. ಎರಡು ದಿನ ಎಲ್ಲಿಂದ ತರುವುದು? ಭಟ್ಟಿಗೆ ಹೋದರೆ ವೈಂಡಿಂಗ್ ಸುಟ್ಟುಹೋಗುತ್ತದೆಂದು ಮೋಟರನ್ನು ಮನೆಯಲ್ಲೇ ಬಿಟ್ಟು ಬಂದಿದ್ದ. ಉಳಿದದ್ದನ್ನೆಲ್ಲ ಕೊಕ್ಕೆಗೆ ಸಿಕ್ಕಿಸಿದ. ಬೆಂದು ಹೊರಬಂದ ರೆಕ್ಕೆಗಳು ಪಳಪಳ ಹೊಳೆದವು. ಹಸಿರು ಕಣ್ಣಿಗೆ ತಂಪು ಅಂತ ತನಗೆ ತಾನೇ ಹೇಳಿಕೊಂಡ.

ಮರುದಿನ ಮಧ್ಯಾಹ್ನ ಅಣ್ಣ ಅವಳನ್ನು ಬಾಗಿಲವರೆಗೆ ಬಿಟ್ಟು, ಸಂಜೆ ಬರುತ್ತೇನೆಂದು ಹೋದ. ಮಹಾದೇವಿ ಮುಖ ತೊಳೆದು ಹಾಸಿಗೆಯ ಮೇಲೆ ಒರಗಿದಳು. ಸಂಗಣ್ಣ ಹಿಗ್ಗಿನಿಂದ ಸ್ವಿಚ್ಚು ಒತ್ತಿದ. ಫ್ಯಾನು ಒಂದು ಚೂರೂ ಪುಡಿ ಉದುರಿಸದೆ ತಿರುಗಿತು. ಅವಳು ಅದನ್ನೇ ನೋಡಿದಳು, ಎದ್ದು ಸ್ವಿಚ್ಚು ಆರಿಸಿದಳು, ಗೋಡೆಯ ಕಡೆ ತಿರುಗಿ ಮಲಗಿದಳು. ಶೀಟಿನ ಮನೆ, ಬೇಸಗೆ, ಅವಳ ಬೆನ್ನೆಲ್ಲ ಬೆವರು. ಬಾಣಂತಿ ಮೈಗೆ ಗಾಳಿ ಆಗದು ಅನ್ನಲು ಹೊರಟವನು ಬಾಣಂತಿ ಎಂಬ ಮಾತನ್ನು ನುಂಗಿಕೊಂಡ.

"ಥಂಡಿ ಆತೇನು?"

"ಗಾಳಿ ಬ್ಯಾಡ ಅಂತಲ್ಲ. ವಾರ್ಡಿನ್ಯಾಗ ಮಂಚ ಎಲ್ಲಾ ಇದ ಬಣ್ಣ."

ಸಂಗಣ್ಣ ತಲೆಯೆತ್ತಿ ಫ್ಯಾನು ನೋಡಿದ. ಗಂಡಸರನ್ನು ಆ ವಾರ್ಡಿಗೆ ಬಿಡುತ್ತಿರಲಿಲ್ಲ, ಗೇಟಿನಲ್ಲೇ ನಿಂತು ಆಯಾ ಕೈಯಲ್ಲಿ ಊಟ ಕಳಿಸಿದ್ದ. ಶೆಡ್ಡಿನಲ್ಲಿ ಓಡುತ್ತಿದ್ದದ್ದು ಆಸ್ಪತ್ರೆ ಮಂಚದ ಮಾಲೆಂದು ಗೊತ್ತಿತ್ತು, ಗೊತ್ತಿಲ್ಲದೆ ಏನು! ಆದರೆ ಶೆಡ್ಡಿಗೆ ಅವು ಮಂಚಗಳಾಗಿ ಬರುವುದಿಲ್ಲ, ಪೈಪು ಪಟ್ಟಿಗಳಾಗಿ ಬರುತ್ತವೆ. ಅವುಗಳ ಮೇಲೆ ಯಾರೋ ಮಲಗುತ್ತಾರೆಂದು ಅವನಿಗೆ ಹೊಳೆದೇ ಇರಲಿಲ್ಲ. ತನ್ನ ಬುದ್ಧಿಗೆ ಛೀಮಾರಿ ಹಾಕಿಕೊಂಡು ಸ್ಟೂಲು ಎಳೆದ. ಈಗಲೇ ಬಿಚ್ಚುತ್ತೇನೆ, ಬಿಳಿ ಹಾಕಿಸುತ್ತೇನೆ, ನೀನು ಮಾತ್ರ ಹೋಗಬೇಡ ಅಂದ.

ಮಹಾದೇವಿ ಎದ್ದು ಕೂತಳು. "ಆ ಮಂಚಕ್ಕೆಲ್ಲ ನೀವ ಹಚ್ಚತೀರೇನ್ರಿ?"

"ಹೂಂ."

"ಮಗ್ಗಲ ಮಂಚದಾಕಿ ಕೂಸಿಗೆ ಹಾಲ ಕುಡಸೂಮುಂದ ನಾ ಈ ಕಡೆ ತಿರುಗಿ, ಮಂಚದ ಬಣ್ಣ ಉಗುರಿಲೆ ಕೆರೀತಿದ್ದೆ. ದಿನಾ ಅದ ಕೆಲಸ."

ಸಂಗಣ್ಣ ಸ್ಟೂಲು ಬಿಟ್ಟು ಅವಳ ಪಕ್ಕ ಕುಸಿದು ಕೂತ. ಕೂಸು ಹೋದ ಮೇಲೆ ಇಬ್ಬರೂ ಒಟ್ಟಿಗೆ ಅತ್ತದ್ದು ಅವತ್ತೇ. ಅತ್ತು ಮುಗಿದ ಮೇಲೆ ಅವಳೇ ಹೋಗಿ ಫ್ಯಾನು ಹಾಕಿದಳು. ಸಂಜೆ ಬಂದ ಅಣ್ಣನಿಗೆ, ಊರಿಗೆ ಬಂದರೆ ಇದನ್ನೆಲ್ಲ ಯಾರ ಮುಂದೆ ಹೇಳಲಿ, ನಾನು ಇಲ್ಲೇ ಇರುತ್ತೇನೆ ಅಂದಳು.

ಬೆಳಿಗ್ಗೆ ಸಂಗಣ್ಣ ಶಿಫ್ಟಿಗೆ ಹೊರಟಾಗ ಬುತ್ತಿ ಕೈಗಿಟ್ಟು, ಇವತ್ತೂ ಅದೇ ಮಂಚದ ಮಾಲೇನು ಅಂತ ಕೇಳಿದಳು. ಅವನು ತಲೆ ತಗ್ಗಿಸಿ ಹೌದೆಂದ.

"ಒಂಚೂರು ತೆಳ್ಳಗ ಹಚ್ಚರಿ," ಅಂದಳು ಮಹಾದೇವಿ. "ನನ್ನಂತಾಕಿ ಯಾರರ ಬಂದ್ರ, ಕೆರಿಯಾಕ ಬರಬೇಕು."